ಸಂಪಾದನೆಯ ಎರಡು ಅರ್ಥಗಳು

ನಮ್ಮ ವಿದ್ಯಾಲಯದ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಹಿರಿಯ ಗುರುಗಳೊಬ್ಬರು ಅಪ್ಪಣೆ ಮಾಡಿದಾಗ, ಯಾವ ವಿಷಯವನ್ನು ಕುರಿತು ಬರೆಯಲೆಂದು ಕೇಳಿದೆ. “ನೀನು ಮಾಡುವ ಉದ್ಯೋಗವನ್ನು ಕುರಿತೇ ಬರೆಯಪ್ಪಾ. ಅದು ಏನೆಂಬುದು ನಮಗಾರಿಗೂ ಇನ್ನೂ ತಿಳಿದಿಲ್ಲ” ಎಂದು ನಕ್ಕರು. ಆ ಮಾತಿನಲ್ಲಿ ಸತ್ಯವಿದೆ. ನಾನು ಯಾವ ಕಚೇರಿಯ ನೌಕರನೂ ಅಲ್ಲ, ಯಾವ ಪತ್ರಿಕೆಯ ಸಂಪಾದಕನೂ ಅಲ್ಲ. ಅನ್ಯರು ಬರೆದ ಹಸ್ತಪ್ರತಿಗಳನ್ನು ಮನೆಯಲ್ಲಿ ಕುಳಿತು ತಿದ್ದಿ, ಕರಡಚ್ಚು ನೋಡಿ, ಮುದ್ರಣಕ್ಕೆ ಸಿದ್ಧಪಡಿಸಿಕೊಡುವುದು ನನ್ನ ಜೀವನೋಪಾಯ.

ಕನ್ನಡದಲ್ಲಿ ‘ಸಂಪಾದನೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಣ ಗಳಿಸುವುದು ಒಂದು. ಗ್ರಂಥವನ್ನು ಪರಿಷ್ಕರಿಸಿ ಸಿದ್ಧಪಡಿಸುವುದು ಇನ್ನೊಂದು. ಇವೆರಡೂ ಒಂದೆಡೆ ಕೂಡಿಬರುವುದು ಅಪರೂಪವೆಂಬುದನ್ನು ಈ ವೃತ್ತಿಗೆ ಇಳಿದವರೆಲ್ಲ ಬಲ್ಲರು. ಕೆಲವರು ಒಪ್ಪಿದ ಹಣವನ್ನು ಸಕಾಲಕ್ಕೆ ಸಲ್ಲಿಸುತ್ತಾರೆ. ಕೆಲವರು ಬಿಡುಗಡೆಯ ಸಮಾರಂಭದಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ಕೈಗಿತ್ತು, ಲೆಕ್ಕ ಮುಗಿಯಿತೆಂದು ಭಾವಿಸುತ್ತಾರೆ. ಅದನ್ನು ದೂರುವುದಕ್ಕಾಗಿ ನಾನು ಈ ಲೇಖನವನ್ನು ಬರೆಯುತ್ತಿಲ್ಲ. ಕಳೆದ ಶ್ರಾವಣ ಮಾಸದಲ್ಲಿ ನನ್ನಿಂದಲೇ ಆದ ಒಂದು ತಪ್ಪನ್ನು ಒಪ್ಪಿಕೊಂಡು, ಅದರಿಂದ ನಾನು ಕಲಿತ ಪಾಠವನ್ನು ತಮ್ಮೆದುರು ಇಡಬಯಸುತ್ತೇನೆ.

ಆ ತಿಂಗಳು ನನ್ನ ಮೇಜಿನ ಮೇಲೆ ನಾಲ್ಕು ಕೆಲಸಗಳಿದ್ದುವು: ಒಂದು ಸಹಕಾರಿ ಸಂಘದ ಸುವರ್ಣ ಮಹೋತ್ಸವದ ಸಂಚಿಕೆ, ಪುಸ್ತಕರೂಪಕ್ಕೆ ಬರಬೇಕಾದ ಒಂದು ಪಿಎಚ್.ಡಿ. ಪ್ರಬಂಧ, ಅನುವಾದಿತ ಮಕ್ಕಳ ಕಥೆಗಳು, ಮತ್ತು ಉತ್ತರ ಕರ್ನಾಟಕದ ನಿವೃತ್ತ ಶಿಕ್ಷಕರೊಬ್ಬರ ಆತ್ಮಕಥೆ. ಸಂಘದ ಸಂಚಿಕೆಯ ಲೇಖನಗಳು ಹಳೆಯ ‘ನುಡಿ’ ಅಕ್ಷರಗಳಲ್ಲಿದ್ದುವು. ಅವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತುಗಳೂ ದೀರ್ಘಗಳೂ ಸ್ಥಳ ಬದಲಿಸಿ, ಮಹನೀಯರ ಹೆಸರುಗಳೇ ಗುರುತು ಸಿಗದಂತಾಗಿದ್ದುವು. ಅವನ್ನು ಸರಿಪಡಿಸುವುದರಲ್ಲಿಯೇ ಮೊದಲ ಎರಡು ವಾರಗಳು ಕಳೆದುವು. ಇಂತಹ ಅವಸರದ ನಡುವೆ, ಒಂದು ರಾತ್ರಿ, ಆತ್ಮಕಥೆಯಲ್ಲಿ ಈ ಅರ್ಥದ ವಾಕ್ಯಗಳು ಎದುರಾದುವು: ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಹಳೆಯ ಹಗೆ ಇತ್ತು, 1972ರ ಬರಗಾಲದಲ್ಲಿ ಎರಡೂ ಮನೆಯವರು ಕೂಡಿ ಅದನ್ನು ತೆಗೆದೆವು.

ಹಗೆಯನ್ನು ‘ತೆಗೆಯುವುದು’ ಹೇಗೆ? ಇದು ಕೈತಪ್ಪಿನಿಂದಾದ ದೋಷವೆಂದು ಬಗೆದೆ. ‘ಹಗೆ’ಯನ್ನು ‘ಹಗೆತನ’ವೆಂದೂ ‘ತೆಗೆದೆವು’ ಎಂಬುದನ್ನು ‘ಮರೆತೆವು’ ಎಂದೂ ತಿದ್ದಿದೆ. ಕಷ್ಟಕಾಲದಲ್ಲಿ ದಾಯಾದಿಗಳು ವೈರ ಮರೆತು ಒಂದಾದರೆಂಬ ಉದಾತ್ತ ಅರ್ಥ ಹೊರಟಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಲೇಖಕರಿಗೆ ಕಣ್ಣಿನ ತೊಂದರೆ. “ನೀವು ನೋಡಿದ್ದರೆ ಸಾಕು” ಎಂದು ಕರಡನ್ನು ಓದದೆಯೇ ಮರಳಿಸಿದರು. ಪುಟಗಳು ಮುದ್ರಣಾಲಯಕ್ಕೆ ಹೋದುವು.

ಅನಂತರದ ಭಾನುವಾರ ಕೆಲಸವನ್ನೆಲ್ಲ ಬದಿಗಿಟ್ಟು, ಸಂಬಂಧಿಕರ ಹಳ್ಳಿಗೆ ಹೋದೆ. ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತಿದ್ದಾಗ, ಆ ಮನೆಯ ವೃದ್ಧೆ ಅಂಗಳದ ತಗ್ಗೊಂದನ್ನು ತೋರಿಸಿ, “ಇಲ್ಲೇ ನೋಡಪ್ಪಾ ನಮ್ಮ ಹಗಿ ಇತ್ತು. ಹನ್ನೆರಡು ಚೀಲ ಜೋಳ ಹಿಡೀತಿತ್ತು” ಎಂದರು. ನನ್ನ ಎದೆ ಧಸಕ್ಕೆಂದಿತು. ಗಟ್ಟಿ ನೆಲವನ್ನು ಆಳವಾಗಿ ತೋಡಿ, ಬಾಯಿಯನ್ನು ಕಿರಿದಾಗಿಟ್ಟು, ಒಳಮೈಗೆ ಹುಲ್ಲು ಹೊದಿಸಿ, ಜೋಳ ತುಂಬಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುವ ನೆಲದೊಳಗಿನ ಕಣಜಕ್ಕೆ ಹಗೆ, ಹಗೇವು ಎಂದು ಹೆಸರು. ಬಾಲ್ಯದಲ್ಲಿ ಕೇಳಿದ್ದ ಶಬ್ದವನ್ನು ನಾನು ಮರೆತಿದ್ದೆ. ಆ ಎರಡು ಮನೆಗಳ ನಡುವೆ ಇದ್ದುದು ಅನ್ನ. ನಾನು ಅಲ್ಲಿ ವೈರವನ್ನು ಇಟ್ಟಿದ್ದೆ!

ಕೂಡಲೆ ಮುದ್ರಣಾಲಯಕ್ಕೆ ಫೋನು ಮಾಡಿದೆ. ಪುಣ್ಯಕ್ಕೆ ಆ ಫಾರಂ ಇನ್ನೂ ಯಂತ್ರಕ್ಕೆ ಏರಿರಲಿಲ್ಲ. ಬಳಿಕ ಲೇಖಕರಿಗೆ ಫೋನು ಮಾಡಿ, “ತಪ್ಪಾಯಿತು ಗುರುಗಳೆ” ಎಂದು ನಡೆದುದನ್ನು ತಿಳಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಬಿಡುಗಡೆಗೆ ದೊಡ್ಡಪ್ಪನ ಮಕ್ಕಳನ್ನ ಕರದೇನ್ರೀ. ಅವರು ಇದನ್ನ ಓದಿದ್ರ ನಾ ಏನ್ ಹೇಳಬೇಕಾಗಿತ್ತು?” ಎಂದಷ್ಟೇ ಅಂದರು. ಅವರು ಬೈದಿದ್ದರೆ ನನಗೆ ಹಗುರವೆನಿಸುತ್ತಿತ್ತು.

ಅದೇ ವಾರ ಬಿಡುವಿನಲ್ಲಿ ನಾನು ಓದುತ್ತಿದ್ದುದು ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’. ಎರಡು ಪಾಠಗಳಿದ್ದಲ್ಲಿ ಕ್ಲಿಷ್ಟವಾದುದನ್ನು ಅವಸರದಿಂದ ತಳ್ಳಿಹಾಕಬಾರದೆಂಬುದು ಈ ಶಾಸ್ತ್ರದ ಹಳೆಯ ಸೂತ್ರ. ಏಕೆಂದರೆ ಪ್ರತಿಕಾರನು ತನಗೆ ತಿಳಿಯದ ಶಬ್ದವನ್ನು ತಿಳಿದ ಶಬ್ದಕ್ಕೆ ತಿರುಗಿಸಿಬಿಡುತ್ತಾನೆ. ತಾಳೆಗರಿಯ ಕಾಲದ ಪ್ರತಿಕಾರನು ಮಾಡುತ್ತಿದ್ದ ತಪ್ಪನ್ನೇ ನಾನು ಗಣಕಯಂತ್ರದ ಮುಂದೆ ಕುಳಿತು ಮಾಡಿದ್ದೆ. ಆ ತಪ್ಪನ್ನು ನನ್ನ ದುಡಿಮೆಯ ಗಂಟೆಗಳು ಹಿಡಿಯಲಿಲ್ಲ. ಒಂದು ಬಿಡುವಿನ ಮಧ್ಯಾಹ್ನ ಹಿಡಿದುಕೊಟ್ಟಿತು.

ಬಿಡುವನ್ನು ನಾವು ಸೋಮಾರಿತನದ ಸೋದರನೆಂದು ಎಣಿಸುತ್ತೇವೆ. ಆದರೆ ಫ. ಗು. ಹಳಕಟ್ಟಿಯವರ (1880–1964) ಬಾಳನ್ನು ನೆನೆಯಿರಿ. ಅವರ ವೃತ್ತಿ ವಕೀಲಿ. ವೃತ್ತಿಯಾಚೆಗಿನ ವೇಳೆಯಲ್ಲಿ ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು, ಇಂದಿನ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮೊದಲನೆಯ ಅರ್ಥದ ಸಂಪಾದನೆಯನ್ನು ಎರಡನೆಯ ಅರ್ಥದ ಸಂಪಾದನೆಗೆ ಸುರಿದ ಜೀವ ಅದು. ಅಂತಹ ತ್ಯಾಗವನ್ನು ಎಲ್ಲರಿಂದ ಬಯಸುವುದು ನ್ಯಾಯವಲ್ಲ. ಆ ಹೊರೆಯನ್ನು ಒಬ್ಬನ ಹೆಗಲ ಮೇಲೆಯೇ ಬಿಡದಿರುವುದು ಸಮಾಜದ ಕರ್ತವ್ಯ.

ಆದುದರಿಂದ ಎರಡು ಅರಿಕೆಗಳು. ಮೊದಲನೆಯದು ದಾನಿಗಳಲ್ಲಿ. ಸಂಸ್ಥೆಗಳು ಗ್ರಂಥ ಪ್ರಕಟಿಸುವಾಗ ಕಾಗದಕ್ಕೆ, ಮುದ್ರಣಕ್ಕೆ, ರಕ್ಷಾಪುಟಕ್ಕೆ, ಸಮಾರಂಭದ ಮಂಟಪಕ್ಕೆ ಅಂದಾಜು ಪಟ್ಟಿಯಲ್ಲಿ ಸ್ಥಾನವಿರುತ್ತದೆ. ತಿದ್ದುವವನ ಕೂಲಿಗೂ ಕಾಲಕ್ಕೂ ಇರುವುದಿಲ್ಲ. ತಾವು ನೀಡುವ ದೇಣಿಗೆಯಲ್ಲಿ ಒಂದು ಅಲ್ಪಾಂಶವನ್ನು ಅದಕ್ಕೆಂದೇ ಗೊತ್ತುಪಡಿಸಿರಿ. ಬಿಡುಗಡೆಯ ದಿನವನ್ನು ಮೊದಲು ನಿಶ್ಚಯಿಸಿ ಪುಸ್ತಕವನ್ನು ಅದರ ಹಿಂದೆ ಓಡಿಸುವ ಪದ್ಧತಿ ನಿಲ್ಲಲಿ.

ಎರಡನೆಯದು ಅಧ್ಯಾಪಕ ಬಂಧುಗಳಲ್ಲಿ. ವಾರಕ್ಕೊಂದು ತಾಸು ಪರೀಕ್ಷೆಯ ಹಂಗಿಲ್ಲದ ಓದಿಗೆ ಮೀಸಲಾಗಲಿ. ಆ ತಾಸಿನಲ್ಲಿ ಗುರುಗಳೂ ತಮ್ಮ ಇಷ್ಟದ ಪುಸ್ತಕವನ್ನು ಓದುತ್ತ ಕುಳಿತಿರಲಿ. ಮಕ್ಕಳು ಅದನ್ನು ಕಾಣಲಿ. ಮನೆಯ ಹಿರಿಯರು ಆಡುವ, ಪಠ್ಯದಲ್ಲಿಲ್ಲದ ಒಂದು ಶಬ್ದವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೊಮ್ಮೆ ತಂದು ಬರೆದಿಡಲಿ. ಅಂತಹ ಒಂದು ಪುಸ್ತಕ ನನ್ನ ಬಳಿ ಇದ್ದಿದ್ದರೆ ಆ ರಾತ್ರಿ ನಾನು ಎಡವುತ್ತಿರಲಿಲ್ಲ.

ಹಗೆಯ ಬಾಯಿ ತೆರೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲವಂತೆ. ಒಳಗಿನ ಕೆಟ್ಟ ಗಾಳಿಗೆ ಪ್ರಾಣಾಪಾಯವಾದೀತೆಂದು, ಬಹುಹೊತ್ತು ತೆರೆದಿಟ್ಟು, ಕಾದು, ಅನಂತರ ಇಳಿದು ಜೋಳವನ್ನು ಮೇಲೆ ತರುತ್ತಿದ್ದರು. ಈಗ ನಾನೂ ಹಸ್ತಪ್ರತಿಯನ್ನು ಕೈಗೆತ್ತಿಕೊಂಡೊಡನೆ ಲೇಖನಿಯನ್ನು ಹಿಡಿಯುವುದಿಲ್ಲ. ಈ ವಿದ್ಯಾಲಯದ ಪ್ರಸಾದನಿಲಯದಲ್ಲಿ ಉಂಡು ಅಕ್ಷರ ಕಲಿತವನು ನಾನು. ಅನ್ನದ ಶಬ್ದವನ್ನು ವೈರದ ಶಬ್ದವಾಗಿಸಿದ ನನ್ನ ತಪ್ಪು, ಇಲ್ಲಿ ಓದುತ್ತಿರುವ ಮಕ್ಕಳಿಂದ ಆಗದಿರಲೆಂದು ಹಾರೈಸುತ್ತೇನೆ.