ಮೊಸರಿನ ಸುಂಕ



ದಿಲೀಪರಾಜನು ಪ್ರಜೆಗಳಿಂದ ಕರವೆತ್ತುತ್ತಿದ್ದ ಬಗೆಗೆ ಕಾಳಿದಾಸನು ಸೂರ್ಯನ ಉಪಮೆಯನ್ನು ಕೊಟ್ಟಿರುವನು: ಹೀರಿದ ನೀರು ಮಳೆಯಾಗಿ ಮರಳುವುದು. ಆದರೆ ಅದೇ ಬಿಸಿಲಿಗೆ ಅಂಗಳದ ಬೋಗುಣಿಯ ನೀರು ಸಂಜೆಯೊಳಗೆ ಬತ್ತುವುದು. ಸಮುದ್ರಕ್ಕೆ ತಿಳಿಯುವುದೂ ಇಲ್ಲ.

2022ನೆಯ ಇಸವಿ ಜುಲೈ 18ರಿಂದ, ಚೀಟಿ ಹಚ್ಚಿ ಕಟ್ಟಿ ಮಾರುವ ಮೊಸರು, ಅಕ್ಕಿ, ಮಂಡಕ್ಕಿಗಳ ಮೇಲೆ ನೂರಕ್ಕೆ 5ರಂತೆ ಸರಕು ಮತ್ತು ಸೇವಾ ತೆರಿಗೆಯು ಬಿದ್ದಿತು. ಬಿಡಿಯಾಗಿ ಕೊಂಡರೆ ತೆರಿಗೆಯಿಲ್ಲವೆಂದರು. ಪಟ್ಟಣದಲ್ಲಿ ಮೊಸರನ್ನು ಅಳೆದು ಕೊಡುವ ಅಂಗಡಿಗಳು ಎಷ್ಟಿವೆಯೋ ನಾನರಿಯೆ. ಏಳು ತಿಂಗಳು ತುಂಬುವ ಮೊದಲೇ, 2023ರ ಫೆಬ್ರವರಿ 1ರ ಮುಂಗಡಪತ್ರದಲ್ಲಿ, ವರ್ಷಕ್ಕೆ 5 ಕೋಟಿ ರೂಪಾಯಿಗೆ ಮೇಲ್ಪಟ್ಟ ವರಮಾನದವರ ಸರ್‌ಚಾರ್ಜನ್ನು ಹೊಸ ಪದ್ಧತಿಯಲ್ಲಿ ನೂರಕ್ಕೆ 37ರಿಂದ 25ಕ್ಕೆ ಇಳಿಸಿದರು. ಅವರ ವರಮಾನ ತೆರಿಗೆಯ ಪರಮಾವಧಿ ದರವು 42.74ರಿಂದ 39ಕ್ಕೆ ಬಂದಿತು. ದರವಿಳಿದರೆ ಧನಿಕರು ವರಮಾನವನ್ನು ಮುಚ್ಚಿಡರೆಂದು ಸಮರ್ಥಿಸುವವರುಂಟು. ಇರಬಹುದು. ಅಂಥ ಕನಿಕರವು ಮೊಸರಿಗೆ ದೊರೆಯಲಿಲ್ಲ.

ಅದೇ ಪತ್ರದಲ್ಲಿ 7 ಲಕ್ಷದವರೆಗಿನ ವರಮಾನಕ್ಕೆ ಆ ಪದ್ಧತಿಯಲ್ಲಿ ತೆರಿಗೆಯಿಲ್ಲವೆಂದದ್ದನ್ನು ಮರೆಮಾಡಲಾರೆ. ಗುಮಾಸ್ತರಿಗೂ ಉಪಾಧ್ಯಾಯರಿಗೂ ಅದು ಉಪಕಾರವೇ ಸರಿ. ಆದರೆ ನಮ್ಮ ಬೀದಿಯಲ್ಲಿ ಹೂ ಮಾರುವಾಕೆಯು ವರಮಾನ ತೆರಿಗೆಯನ್ನು ಎಂದೂ ತೆತ್ತವಳಲ್ಲ. ಅವಳಿಂದ ಬೊಕ್ಕಸಕ್ಕೆ ಸಂದದ್ದು ಮೊಸರು ಮಂಡಕ್ಕಿಗಳ ಸುಂಕ. ಐದು ಕೋಟಿಯ ಯಜಮಾನನು ಕೊಂಡ ಪೊಟ್ಟಣಕ್ಕೂ ಅಷ್ಟೇ ಬಿದ್ದಿತು.