ಹರ್ನಿಯಾ ನೋವಿಗೆ ಗಾಯದಲ್ಲೇ ಮದ್ದು

ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಮೊದಲ ರಾತ್ರಿ ರೋಗಿ ಕೆಮ್ಮಲೂ ಹೆದರುತ್ತಾನೆ. ಗಾಯದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಈ ಸಂಕಟ ಬಹಳಷ್ಟು ತಗ್ಗುತ್ತದೆ. ಇಂಥ ಮದ್ದುಗಳಲ್ಲಿ ಲಿಗ್ನೊಕೇನ್ ಕೆಲವೇ ನಿಮಿಷಗಳಲ್ಲಿ ಹಿಡಿಯುತ್ತದೆ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಬುಪಿವಕೇನ್ ತುಸು ನಿಧಾನ, ಆದರೆ ಹಲವು ಗಂಟೆ ನಿಲ್ಲುತ್ತದೆ. ಪ್ರಮಾಣ ಮೀರಿದರೆ ಅಥವಾ ರಕ್ತನಾಳಕ್ಕೆ ಹೊಕ್ಕರೆ ಹೃದಯಕ್ಕೆ ಅಪಾಯ. ರೋಪಿವಕೇನ್‌ನಲ್ಲಿ ಆ ಅಪಾಯ ಕಡಿಮೆ. ಅಮೆರಿಕ 2011ರಲ್ಲಿ ಅನುಮತಿಸಿದ, ನಿಧಾನವಾಗಿ ಬಿಡುಗಡೆಯಾಗುವ ಲೈಪೋಸೋಮ್ ಬುಪಿವಕೇನ್ ದುಬಾರಿ. ಸಾಮಾನ್ಯ ಬುಪಿವಕೇನ್‌ಗಿಂತ ಅದು ಬಹಳ ಮೇಲು ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಆದ್ದರಿಂದ ಅಗ್ಗದ ಬುಪಿವಕೇನನ್ನೇ ರೋಗಿಯ ತೂಕಕ್ಕೆ ತಕ್ಕಂತೆ ಅಳೆದು ಕೊಡುವುದು ವಿವೇಕ. ತಾಲ್ಲೂಕು ಆಸ್ಪತ್ರೆಗಳಲ್ಲೂ ಇದು ತಪ್ಪದ ರೂಢಿಯಾಗಬೇಕು. ‘ಸ್ವಲ್ಪ ತಡೆದುಕೊಳ್ಳಿ’ ಎನ್ನುವುದು ಚಿಕಿತ್ಸೆಯಲ್ಲ.