ಮೂಕಪ್ರಾಣಿಯ ವೈದ್ಯನನ್ನು ವಿಚಾರಿಸುವವರು ಯಾರು?



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಗೇರು, ತೆಂಗು, ಹೈನುಗಾರಿಕೆ, ಮಳೆಗಾಲದ ಜ್ವರ ಇಂಥ ವಿಷಯಗಳನ್ನು ಕುರಿತು ಬರೆಯುತ್ತೇವೆ. ಈ ಸಲ ದನಕರುಗಳನ್ನು ನೋಡಿಕೊಳ್ಳಲು ಕಲಿಯುತ್ತಿರುವ ಮಕ್ಕಳನ್ನು ಕುರಿತು ಬರೆಯಬೇಕೆನಿಸಿದೆ. ಅದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುತ್ತೇವೆ.

ಕಳೆದ ಮಳೆಗಾಲದ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಬಾಗಿಲ ಬಳಿ ನಿಂತಿದ್ದರು. ಮೂಲತಃ ಹಳಿಯಾಳದ ಕಡೆಯವರು. ಕೆಲಸ ಅರಸಿ ಗೋವೆಗೆ ಬಂದು ಇಪ್ಪತ್ತು ವರ್ಷ ದಾಟಿದೆ. "ಫಾದರ್, ಮಗ ಕಾಲೇಜ್ ಬಿಟ್ಟು ಬಂದಾನ್ರಿ. ವಾಪಸ್ ಹೋಗಂಗಿಲ್ಲ ಅಂತಾನ. ನೀವಾರ ಒಂದ್ ಮಾತು ಹೇಳ್ರಿ" ಎಂದು ಕಣ್ಣೊರೆಸಿಕೊಂಡರು. ಹುಡುಗ ಹೊರರಾಜ್ಯದ ಒಂದು ಪಶುವೈದ್ಯಕೀಯ ಕಾಲೇಜಿನಲ್ಲಿ ನಾಲ್ಕನೆಯ ವರ್ಷದಲ್ಲಿದ್ದ. ಊರಿನಲ್ಲಿ ಆಗಲೇ ಅವನನ್ನು ಡಾಕ್ಟರ್ ಎಂದು ಕರೆಯಲಾರಂಭಿಸಿದ್ದರು.

ಮೂರು ಸಂಜೆ ನಾವು ಅವನೊಂದಿಗೆ ಕುಳಿತೆವು. ಮೊದಲನೆಯ ಸಂಜೆ ಮಳೆಯ ಬಗ್ಗೆ ಮಾತ್ರ ಮಾತಾಡಿದ. ಎರಡನೆಯ ಸಂಜೆ ಒಂದು ವಿಷಯದಲ್ಲಿ ಅನುತ್ತೀರ್ಣನಾದದ್ದನ್ನು ಹೇಳಿದ. ಮೂರನೆಯ ಸಂಜೆ ಒಂದು ಎಮ್ಮೆಯ ಕತೆ ಹೇಳಿದ. ಕರು ಹಾಕಲಾರದೆ ಎರಡು ದಿನ ಒದ್ದಾಡಿದ ಎಮ್ಮೆಯನ್ನು ಒಬ್ಬ ಹೆಂಗಸು ಗಾಡಿಯಲ್ಲಿ ಹೇರಿಕೊಂಡು ಆಸ್ಪತ್ರೆಗೆ ತಂದಿದ್ದಳಂತೆ. ಗರ್ಭಚೀಲ ತಿರುಚಿಕೊಂಡಿತ್ತು. ಗುರುಗಳೂ ವಿದ್ಯಾರ್ಥಿಗಳೂ ರಾತ್ರಿಯೆಲ್ಲ ಪ್ರಯತ್ನಿಸಿದರೂ ಎಮ್ಮೆ ಉಳಿಯಲಿಲ್ಲ. ಆ ಹೆಂಗಸು ಗಾಡಿಯ ಚಕ್ರಕ್ಕೆ ಒರಗಿ ಅತ್ತದ್ದು ಇವನ ಕಣ್ಣಿನಿಂದ ಹೋಗಲಿಲ್ಲ. ಅಂದಿನಿಂದ ನಿದ್ರೆ ಕೆಟ್ಟಿತು. ಇವನು ತರಗತಿಯ ಪ್ರತಿನಿಧಿಯೂ ಹೌದು. ಎಪ್ಪತ್ತು ಮಂದಿಯ ದೂರು, ಹಾಜರಿಯ ತೊಂದರೆ, ಊಟದ ಜಗಳ ಎಲ್ಲವೂ ಇವನ ಹೆಗಲ ಮೇಲೆ. "ಎಲ್ಲರ ಮಾತು ನಾ ಕೇಳ್ತೀನ್ರಿ ಫಾದರ್, ನನ್ನ ಮಾತು ಯಾರಿಗೆ ಹೇಳ್ಲಿ?" ಎಂದ.

ಈ ಪ್ರಶ್ನೆಯೇ ಇಂದಿನ ಲೇಖನದ ವಿಷಯ.

ಮೊದಲು ಈ ಓದಿನ ದಾರಿಯನ್ನು ತಂದೆತಾಯಂದಿರು ತಿಳಿಯಬೇಕು. ಪಶುವೈದ್ಯಕೀಯ ಪದವಿ ಐದೂವರೆ ವರ್ಷದ್ದು: ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್. ಭಾರತೀಯ ಪಶುವೈದ್ಯ ಪರಿಷತ್ತು ಅಖಿಲ ಭಾರತ ಮಟ್ಟದಲ್ಲಿ ತುಂಬುವ ಶೇಕಡಾ 15ರಷ್ಟು ಸೀಟುಗಳಿಗೆ ನೀಟ್ ಪರೀಕ್ಷೆಯ ಅಂಕವೇ ಆಧಾರ. ಗೋವೆಯ ಮಕ್ಕಳು ಬಹುಕಾಲದಿಂದ ಈ ಓದಿಗಾಗಿ ಹೊರರಾಜ್ಯಗಳನ್ನೇ ಆಶ್ರಯಿಸುತ್ತ ಬಂದಿದ್ದಾರೆ. ಮುಂಬಯಿಯ ಕಾಲೇಜು 1886ರಷ್ಟು ಹಳೆಯದು. ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರಲ್ಲಿ ಆರಂಭವಾಯಿತು; ಬೀದರ್, ಹಾಸನ, ಶಿವಮೊಗ್ಗ, ಗದಗಗಳಲ್ಲಿಯೂ ಕಾಲೇಜುಗಳಿವೆ. ಮನುಷ್ಯರ ವೈದ್ಯ ಒಂದೇ ಜಾತಿಯ ಶರೀರವನ್ನು ಕಲಿತರೆ ಸಾಕು. ಇವರು ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಕುದುರೆ, ನಾಯಿ, ಕೋಳಿ ಇಷ್ಟನ್ನೂ ಕಲಿಯಬೇಕು. ರೋಗಿ ತನ್ನ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಣದ ಲೆಕ್ಕ ಹಾಕುವವನು ಒಡೆಯ. ಪ್ರಾಣ ಹೋಗುವುದು ಪ್ರಾಣಿಯದು. ನಡುವೆ ನಿಲ್ಲುವವನು ವೈದ್ಯ.

ಇದು ಕೀಳು ಕೆಲಸವೆಂದು, "ದನದ ಡಾಕ್ಟರ್" ಎಂದು ನಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರು ಗೋವೆಯ ಇತ್ತೀಚಿನ ಇತಿಹಾಸವನ್ನು ನೋಡಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ 2015ರಲ್ಲಿ ನಮ್ಮ ಸತ್ತರಿ ತಾಲೂಕಿಗೂ ಬಂತು. ಗೇರು ತೋಟಕ್ಕೆ ಹೋದ ಬಡವರೇ ಹೆಚ್ಚಾಗಿ ಅದಕ್ಕೆ ತುತ್ತಾದರು. ಕಾಡಿನಲ್ಲಿ ಮಂಗ ಸತ್ತು ಬಿದ್ದಾಗಲೇ ಮನುಷ್ಯನಿಗೆ ಎಚ್ಚರಿಕೆ ಸಿಗುವುದು. ಆ ಎಚ್ಚರಿಕೆಯನ್ನು ಓದಬಲ್ಲವರಲ್ಲಿ ಪಶುವೈದ್ಯರು ಮೊದಲಿಗರು. 2022ರಲ್ಲಿ ಚರ್ಮಗಂಟು ರೋಗ ದೇಶದ ದನಕರುಗಳ ಮೇಲೆ ಎರಗಿದಾಗ ಹಳ್ಳಿಹಳ್ಳಿಗೆ ಲಸಿಕೆ ಹೊತ್ತು ನಡೆದವರೂ ಇವರೇ.

ಇನ್ನು ರೇಬೀಸ್ ವಿಷಯ. ಗೋವೆಯಲ್ಲಿ ಸರ್ಕಾರವೂ ಮಿಷನ್ ರೇಬೀಸ್ ಸಂಸ್ಥೆಯೂ ಕೂಡಿ ವರ್ಷವರ್ಷವೂ ನಾಯಿಗಳಿಗೆ ಲಸಿಕೆ ಹಾಕಿಸಿದವು. ಅಂದಾಜು ಶೇಕಡಾ 70ರಷ್ಟು ನಾಯಿಗಳಿಗೆ ಲಸಿಕೆ ತಲುಪಿದಾಗ ನಾಯಿಗಳಲ್ಲಿ ತಿಂಗಳಿಗೆ ಕಾಣುತ್ತಿದ್ದ ರೋಗ ಶೇಕಡಾ 92ರಷ್ಟು ಇಳಿಯಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2021ರಲ್ಲಿ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಇದನ್ನು ಸಾಧಿಸಿದ್ದು ಒಬ್ಬ ವೀರನಲ್ಲ. ಬಲೆ ಹಿಡಿದು ನಾಯಿಯ ಹಿಂದೆ ಓಡಿದವರು, ಗಾಡಿ ಓಡಿಸಿದವರು, ಸೂಜಿ ಚುಚ್ಚಿದವರು, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವರು, ಸತ್ತ ನಾಯಿಯ ಸುದ್ದಿ ಕೊಟ್ಟವರು, ಎಲ್ಲರೂ ಸೇರಿ ಸಾಧಿಸಿದರು.

ನಾಯಕತ್ವವೆಂದರೆ ಏನೆಂಬ ಪಾಠ ಇಲ್ಲಿಯೇ ಇದೆ. ನಾಯಕನೆಂದರೆ ಎಲ್ಲ ಭಾರವನ್ನೂ ತಾನೊಬ್ಬನೇ ಹೊತ್ತು, ಮುಖದಲ್ಲಿ ನಗು ಇಟ್ಟುಕೊಂಡು, ಒಳಗೆ ಬೇಯುವವನೆಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಆ ತಿಳಿವಳಿಕೆಯನ್ನು ಕೊಟ್ಟವರು ನಾವು ಹಿರಿಯರೇ. ಮುಂಬಯಿಯಲ್ಲಿ ಪಶುವೈದ್ಯಕೀಯ ಓದಿ 1998ರಿಂದ 2014ರವರೆಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಅಧ್ಯಕ್ಷೆಯಾಗಿದ್ದ ಡಾ. ಅಮೃತಾ ಪಟೇಲ್ ಅವರ ಕ್ಷೇತ್ರವನ್ನೇ ನೋಡಿ: ಸಹಕಾರ ಸಂಘ. ಅಲ್ಲಿ ಒಬ್ಬರ ಹಾಲಿನಿಂದ ಡೇರಿ ನಡೆಯುವುದಿಲ್ಲ. ಹತ್ತು ಮನೆಯ ಲೀಟರು ಸೇರಿದಾಗ ಕ್ಯಾನು ತುಂಬುತ್ತದೆ. ಹಾಗೆಯೇ ನಾಯಕತ್ವವೂ. ಭಾರವನ್ನು ಹಂಚಲು ಬಲ್ಲವನೇ ನಾಯಕ. "ನನ್ನಿಂದ ಇಷ್ಟು ಆಗುವುದಿಲ್ಲ, ನೀನು ಸ್ವಲ್ಪ ಹಿಡಿ" ಎಂದು ಮೊದಲು ಹೇಳುವ ಧೈರ್ಯ ಯಾರಿಗಿದೆಯೋ ಅವನ ಕೈಕೆಳಗಿನವರೂ ಕಷ್ಟ ಬಂದಾಗ ಬಾಯಿ ಬಿಡುತ್ತಾರೆ.

ಈ ಮಾತು ಬರಿಯ ನೀತಿಬೋಧೆಯಲ್ಲ. ಅಮೆರಿಕದಲ್ಲಿ 1979ರಿಂದ 2015ರವರೆಗಿನ ಮರಣಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಸಾಮಾನ್ಯ ಜನರಿಗೆ ಹೋಲಿಸಿದರೆ ಆತ್ಮಹತ್ಯೆಯಿಂದ ಸಾಯುವ ಸಂಭವ ಪುರುಷ ಪಶುವೈದ್ಯರಲ್ಲಿ 2.1 ಪಟ್ಟು, ಮಹಿಳಾ ಪಶುವೈದ್ಯರಲ್ಲಿ 3.5 ಪಟ್ಟು ಹೆಚ್ಚೆಂದು ಅದರಲ್ಲಿ ಕಂಡುಬಂತು. ದೀರ್ಘ ದುಡಿಮೆ, ಓದಿನ ಸಾಲ, ಪ್ರಾಣಿಯ ಒಡೆಯರ ಸಿಟ್ಟು, ಗುಣವಾಗದ ಪ್ರಾಣಿಗೆ ತಮ್ಮ ಕೈಯಾರೆ ದಯಾಮರಣ ಕೊಡಬೇಕಾದ ಸಂಕಟ ಇವೆಲ್ಲವನ್ನೂ ತಿಳಿದವರು ಕಾರಣಗಳಾಗಿ ಹೇಳುತ್ತಾರೆ. ಆ ದೇಶದ ಲೆಕ್ಕ ನಮ್ಮ ದೇಶಕ್ಕೆ ಹಾಗೆಯೇ ಹೊಂದುತ್ತದೆಂದು ನಾವು ಹೇಳುವುದಿಲ್ಲ. ಆದರೆ ಆ ಎಮ್ಮೆಯ ಮುಂದೆ ನಿಂತ ನಮ್ಮ ಹುಡುಗನ ಸಂಕಟವೂ ಇದೇ ಜಾತಿಯದು.

ಕೆಲವು ಹಿರಿಯರು ನಮ್ಮೊಡನೆ ವಾದಿಸುತ್ತಾರೆ: "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಹಸಿದುಕೊಂಡು ಓದಿದೆವು. ಈಗಿನ ಹುಡುಗರು ಮೆತ್ತಗೆ." ನಾವೂ ಹದಿಹರೆಯದಲ್ಲಿ ಮನೆ ಬಿಟ್ಟು ಗುರುಮಠ ಸೇರಿದವರು. ರಾತ್ರಿ ಹೊದಿಕೆಯೊಳಗೆ ಅತ್ತವರು ನಮ್ಮ ಸಾಲಿನಲ್ಲಿ ಎಷ್ಟು ಜನರಿದ್ದರೆಂದು ನಮಗೆ ಗೊತ್ತು. ಗಟ್ಟಿಯಾಗಿದ್ದುದರಿಂದ ಉಳಿದೆವೆಂದು ಈಗ ಹೇಳಿಕೊಳ್ಳುತ್ತೇವೆ. ನಿಜವಾಗಿ ಉಳಿಸಿದ್ದು ಪಕ್ಕದ ಮಂಚದ ಗೆಳೆಯ. ಅಂಥ ಗೆಳೆಯ ಸಿಗದೆ ಹೊರಟುಹೋದವರ ಹೆಸರನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದವರನ್ನಷ್ಟೇ ಎಣಿಸಿ ಹಳೆಯ ಕಾಲ ಚೆನ್ನಾಗಿತ್ತೆನ್ನುವುದು ಸರಿಯಾದ ಲೆಕ್ಕವಲ್ಲ.

ಹಾಗಾದರೆ ಮಾಡಬೇಕಾದದ್ದೇನು?

ವಿದ್ಯಾರ್ಥಿಗಳಿಗೆ ಮೊದಲು ಶರೀರದ ಮಾತು. ರೇಬೀಸ್ ಲಸಿಕೆಯನ್ನು ನಾಯಿ ಕಚ್ಚುವ ಮೊದಲೇ ಹಾಕಿಸಿಕೊಳ್ಳಿ. ಕಚ್ಚಿದರೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆದು ಮತ್ತೆ ಆಸ್ಪತ್ರೆಗೆ ಹೋಗಿ. ಕಂದು ಹಾಕಿದ ಹಸುವನ್ನಾಗಲಿ, ಬೀಳದ ಮಾಸನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ಬ್ರೂಸೆಲ್ಲಾ ರೋಗ ಆ ದಾರಿಯಿಂದಲೇ ಮನುಷ್ಯನಿಗೆ ಬರುತ್ತದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಹಾಕುವ ಬ್ರೂಸೆಲ್ಲಾ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದರಿಂದ ಸೂಜಿ ತಮ್ಮ ಕೈಗೇ ಚುಚ್ಚಿದರೆ ಮುಚ್ಚಿಡದೆ ಕೂಡಲೇ ವೈದ್ಯರಿಗೆ ತಿಳಿಸಿ. ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ಇದ್ದರೆ ತಾವು ಯಾವ ಕೆಲಸ ಮಾಡುವವರೆಂದು ವೈದ್ಯರಿಗೆ ಮರೆಯದೆ ಹೇಳಿ.

ಮನಸ್ಸಿಗೂ ಇದೇ ನಿಯಮ. ಚುಚ್ಚಿದ್ದನ್ನು ಮುಚ್ಚಿಡಬೇಡಿ. ಎರಡು ವಾರ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ಅದೂ ರೋಗಲಕ್ಷಣವೇ, ಹೇಡಿತನವಲ್ಲ. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ನಾವು ಡಾಕ್ಟರಲ್ಲವಲ್ಲ, ನಮ್ಮಿಂದೇನಾದೀತು ಎನ್ನುವ ಬಂಧುಗಳಿಗೆ ಗೋವೆಯದೇ ಒಂದು ಉತ್ತರವಿದೆ. ಇಲ್ಲಿನ ಸಂಗಾತ್ ಸಂಸ್ಥೆಯವರು ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಆಪ್ತಸಲಹೆಗಾರರನ್ನಾಗಿ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ಸರ್ಕಾರಿ ಕೇಂದ್ರಗಳಲ್ಲಿ ಅದರಿಂದ ಖಿನ್ನತೆ, ಆತಂಕ ಇದ್ದವರ ಚೇತರಿಕೆ ಹೆಚ್ಚಿತೆಂದು 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ತಾಳ್ಮೆಯಿಂದ ಕೇಳಲು ಕಲಿತ ಒಬ್ಬ ನೆರೆಯವನೂ ಔಷಧಿಯಷ್ಟೇ ಬೆಲೆಯುಳ್ಳವನೆಂದು ಜಗತ್ತಿಗೆ ತೋರಿಸಿದ ನೆಲ ನಮ್ಮದು. ಅದನ್ನು ನಮ್ಮ ಮನೆಗಳಲ್ಲಿಯೇ ನಾವು ಮರೆಯಬಾರದು.

ಕಾಲೇಜುಗಳನ್ನು ನಡೆಸುವವರಿಗೂ ಒಂದು ವಿನಂತಿ. ಪ್ರಾಣಿ ಸತ್ತ ರಾತ್ರಿಯ ಮರುದಿನ ಬೆಳಿಗ್ಗೆ ಆ ತಂಡವನ್ನು ಹತ್ತು ನಿಮಿಷ ಕೂರಿಸಿ ಮಾತನಾಡಿಸಿ. ಏನು ತಪ್ಪಿತು, ಏನು ಕೈಮೀರಿತ್ತು ಎಂಬುದನ್ನು ಗುರುಗಳೇ ಬಿಡಿಸಿ ಹೇಳಿದರೆ ಹುಡುಗರು ತಮ್ಮದಲ್ಲದ ತಪ್ಪನ್ನು ವರ್ಷಗಟ್ಟಲೆ ಹೊರುವುದಿಲ್ಲ. ಇದಕ್ಕೆ ಕಟ್ಟಡ ಬೇಕಿಲ್ಲ, ಅನುದಾನ ಬೇಕಿಲ್ಲ.

ತಂದೆತಾಯಂದಿರೇ, ನಿಮಗೆ ಕೊನೆಯ ಮಾತು. ಮಗ ಡಾಕ್ಟರಾಗಲೆಂದು ನೀವು ಪಟ್ಟ ಕಷ್ಟ ನಮಗೆ ಗೊತ್ತಿದೆ. ಆದರೆ ವಾರಕ್ಕೊಮ್ಮೆ ಫೋನು ಮಾಡಿದಾಗ ಅಂಕವೊಂದನ್ನೇ ಕೇಳಿದರೆ ಅವನು ಅಂಕವೊಂದನ್ನೇ ಹೇಳುತ್ತಾನೆ. ಅದು ಕಡಿಮೆಯಾದ ದಿನ ಫೋನೇ ಎತ್ತುವುದಿಲ್ಲ.

ಆ ಹುಡುಗನ ವಿಷಯ ತಿಳಿಯಲು ನಿಮಗೆ ಕುತೂಹಲವಿರಬಹುದು. ನಾವು ಅವನಿಗೆ ಹೋಗೆಂದೂ ಹೇಳಲಿಲ್ಲ, ಬಿಡೆಂದೂ ಹೇಳಲಿಲ್ಲ. ಒಬ್ಬ ವೈದ್ಯರ ಬಳಿ ಕರೆದುಕೊಂಡು ಹೋದೆವು. ಒಂದು ತಿಂಗಳು ಮನೆಯಲ್ಲಿದ್ದು ಅವನು ತಾನಾಗಿಯೇ ಹಿಂದಿರುಗಿದ. ಹೋದ ಮೊದಲ ವಾರದಲ್ಲಿಯೇ ಪ್ರತಿನಿಧಿಯ ಕೆಲಸವನ್ನು ಮೂವರಿಗೆ ಹಂಚಿದನಂತೆ. ಅನುತ್ತೀರ್ಣನಾದ ವಿಷಯದ ಪರೀಕ್ಷೆ ಇನ್ನೂ ಬಾಕಿಯಿದೆ, ಏನಾಗುವುದೋ ನೋಡಬೇಕು.

ತಾಯಿ ಮೊನ್ನೆ ಮತ್ತೆ ಸಿಕ್ಕಿದ್ದರು. ಈಗ ಫೋನಿನಲ್ಲಿ ಏನು ಕೇಳುತ್ತೀರೆಂದು ವಿಚಾರಿಸಿದೆವು. "ಉಂಡಿ ಏನ್, ನಿದ್ದಿ ಬಂತೇನ್ ಅಂತ ಕೇಳ್ತೀನ್ರಿ. ಆಮ್ಯಾಲ ಯಾವ ದನಾ ನೋಡ್ದಿ ಅಂತೀನಿ. ಅರ್ಧ ತಾಸು ಅವನ ಹೇಳ್ತಾನ್ರಿ" ಎಂದು ನಕ್ಕರು.